ಅರ್ಧಕ್ಕೆ ಬಿಡಬಾರದ ಪುಸ್ತಕ

೧೯೬೭, ಜೂನ್ ತಿಂಗಳ ಮೊದಲ ಶನಿವಾರ. ಬೆಳಿಗ್ಗೆ ಏಳು ಗಂಟೆ. ಮೂಡಲಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಹಾಜರಿದ್ದವರು: ನಾನು, ನನ್ನ ತಂಗಿ ಶಾಂತಾ, ಮೂಡಲಗಿಯ ತವರಿಗೆ ಬಂದಿದ್ದ, ಹುಕ್ಕೇರಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಸುಮಿತ್ರಾ. ಬೆಕ್ಕೂ ಬಂದಿತ್ತು. ಆದರೆ ಹಾಲು ಕಾಸಿ ಮುಗಿದ ಮೇಲೆ ಬಂದದ್ದರಿಂದ ಅದರ ಹಾಜರಿ ಹಾಕಿಲ್ಲ.

ಸುಮಿತ್ರಾ ಚೀಲದಿಂದ ಎರಡು ಪುಸ್ತಕ ತೆಗೆದು ನನ್ನ ಮುಂದಿಟ್ಟಳು. ಒಂದು ದಪ್ಪನೆಯದು, ಹಳೆಯ ಕಾವ್ಯವೊಂದರ ಕಥೆಯನ್ನು ಗದ್ಯಕ್ಕೆ ಇಳಿಸಿದ್ದು. ಇನ್ನೊಂದು ತೆಳ್ಳನೆಯ ಹೊಸ ಕಾದಂಬರಿ, ಆಣೆಕಟ್ಟಿನ ನೀರಿಗೆ ಊರು ಬಿಟ್ಟುಕೊಡುವ ಜನರದ್ದು. ಹತ್ತನೆಯ ವರ್ಗದ ಮಕ್ಕಳಿಗೆ ಪಠ್ಯದ ಜೊತೆಗೆ ಓದಿಸಲು ಎರಡರಲ್ಲಿ ಒಂದನ್ನು ಸೋಮವಾರ ಅವಳು ಹೇಳಬೇಕು. ಹಳೆಯದನ್ನು ಆರಿಸಿದರೆ ಮಕ್ಕಳು ಆಕಳಿಸುತ್ತಾರೆ. ಹೊಸದನ್ನು ಆರಿಸಿದರೆ ಪಾಲಕರು ಬಾಗಿಲಿಗೆ ಬರುತ್ತಾರೆ, ಯಾಕೆಂದರೆ ಅದರಲ್ಲೊಬ್ಬ ಹುಡುಗ ಅಪ್ಪನಿಗೆ ಎದುರು ಮಾತಾಡುತ್ತಾನೆ. "ನೀವ ಹೇಳ್ರಿ ಅಕ್ಕೋರ" ಅಂದಳು. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳೆಲ್ಲ ಅಕ್ಕೋರೇ. ನಿವೃತ್ತಿಯಾದರೂ ಆ ಹೆಸರಿಗೆ ನಿವೃತ್ತಿಯಿಲ್ಲ.

ಸಂಜೆ ಐದರ ಬಸ್ಸಿಗೆ ಅವಳು ಹುಕ್ಕೇರಿಗೆ ಹೊರಡುವವಳು. ನಾಲ್ಕಕ್ಕೆ ಬಾ, ಉತ್ತರ ಸಿದ್ಧವಿರುತ್ತದೆ ಎಂದು ಕಳಿಸಿದೆ. ಇದು ನನ್ನ ಟ್ರೇನಿಂಗ್ ಕಾಲೇಜಿನ ಗುಣ. ಅಲ್ಲಿ ಏಳಲು ಗಂಟೆ, ಉಣ್ಣಲು ಗಂಟೆ, ದೀಪ ಆರಿಸಲು ಗಂಟೆ. ಒಮ್ಮೆ ಗಂಟೆ ಬಾರಿಸುವವನು ಜ್ವರದಿಂದ ಮಲಗಿದಾಗ ನಾವೆಲ್ಲ ತಟ್ಟೆ ಮುಂದಿಟ್ಟುಕೊಂಡು ಹಸಿದು ಕೂತಿದ್ದೆವು, ಉಣ್ಣಬಹುದೆಂದು ಯಾರಿಗೂ ಹೊಳೆಯಲಿಲ್ಲ. ಅಲ್ಲಿಂದ ಬಂದ ಮೇಲೆ ಮನೆಯಲ್ಲಿ ನಾನೇ ಗಂಟೆಯಾದೆ. ಶಾಂತಾ ಇವತ್ತಿಗೂ ಕೆಮ್ಮು ಬಂದರೆ ಮೊದಲು ಗಡಿಯಾರ ನೋಡಿ ನಂತರ ಕೆಮ್ಮುತ್ತಾಳೆ ಎಂದು ನೆರೆಯವರು ಆಡಿಕೊಳ್ಳುತ್ತಾರೆ. ಅದು ಪೂರ್ತಿ ಸುಳ್ಳಲ್ಲ.

ಸರಿ, ಪುಸ್ತಕ ಓದಲು ಕೂತೆ. ದಪ್ಪ ಪುಸ್ತಕ ಕೈಯಲ್ಲಿ ಹಿಡಿದರೆ ಈಗ ಮಣಿಕಟ್ಟು ನೋಯುತ್ತದೆ. ಹೀಗಾಗಿ ಅಟ್ಟದಿಂದ ವ್ಯಾಸಪೀಠ ಇಳಿಸಿದೆ. ಪುಸ್ತಕವನ್ನು ಬಿಚ್ಚಿಡುವ ಕಟ್ಟಿಗೆಯ ಮಡಚು ಪೀಠ ನೀವು ನೋಡಿರುತ್ತೀರಿ, ಎರಡು ಅಂಗೈ ಜೋಡಿಸಿ ಬೊಗಸೆ ಮಾಡಿದಂತೆ ಇರುತ್ತದೆ. ನನ್ನದರ ಒಂದು ಕಾಲಿಗೆ ಕರಿ ಉಣ್ಣೆಯ ಎಳೆ ಕಟ್ಟಿದೆ. ಮೈಮೇಲೆಲ್ಲ ಅರಿಷಿಣದ ಕಲೆ. ಧೂಳು ಒರೆಸಿದೆ. ಅರಿಷಿಣ ಹೋಗಲಿಲ್ಲ. ಕೈ ಅಲ್ಲಿಗೇ ನಿಂತಿತು, ಊಟದ ಹೊತ್ತಿನ ತನಕ ಒಂದು ಪುಟವನ್ನೂ ಓದಲಿಲ್ಲ. ನನ್ನ ಶಿಸ್ತಿನ ಕಥೆ ಇಷ್ಟು.

ನಾನು ಹುಟ್ಟಿ ಬೆಳೆದದ್ದು ಹುಕ್ಕೇರಿಯಲ್ಲಿ. ನಮ್ಮ ಓಣಿಯಲ್ಲಿ ಶ್ರಾವಣ ಬಂದರೆ ಒಂದು ಮನೆಯಲ್ಲಿ ಪುರಾಣ ಹಚ್ಚುತ್ತಿದ್ದರು, ಅಂದರೆ ದಿನಾ ಸಂಜೆ ಓದಿಸಲು ಶುರು ಮಾಡುತ್ತಿದ್ದರು. ಒಬ್ಬರು ರಾಗವಾಗಿ ಓದುವವರು, ಇನ್ನೊಬ್ಬರು ಅರ್ಥ ಹೇಳುವವರು. ಓದುವವರು ಕಾಡಿನ ವರ್ಣನೆ ಓದಿದರೆ ಅರ್ಥ ಹೇಳುವ ಅಜ್ಜ ಆ ಕಾಡಿನಿಂದ ತಮ್ಮ ಎತ್ತು ತಪ್ಪಿಸಿಕೊಂಡ ಸಂಗತಿಗೆ ಹೋಗಿ, ಎತ್ತು ಸಿಕ್ಕ ಮೇಲೆಯೇ ಪುರಾಣಕ್ಕೆ ಮರಳುತ್ತಿದ್ದರು. ನಮಗೆಲ್ಲ ಎತ್ತಿನ ಭಾಗವೇ ಹೆಚ್ಚು ಇಷ್ಟ. ಪುರಾಣದ ನಿಯಮ ಎರಡೇ. ಹಚ್ಚಿದ್ದನ್ನು ಅರ್ಧಕ್ಕೆ ಬಿಡುವಂತಿಲ್ಲ. ಮಂಗಲದ ದಿನ, ಅಂದರೆ ಮುಗಿಸುವ ದಿನ, ಕೇಳಿದವರಿಗೆ ಏನು ಫಲ ಎಂದು ಓದಿ ಹೇಳಬೇಕು. ಮಕ್ಕಳಿಲ್ಲದವರಿಗೆ ಮಕ್ಕಳು, ಬೆಳೆಯಿಲ್ಲದವರಿಗೆ ಬೆಳೆ, ಹೀಗೆ. ನಾನೊಂದು ವರ್ಷ ನಿದ್ದೆ ಮಾಡದೆ ಪೂರ್ತಿ ಕೇಳಿ, ನನ್ನ ಫಲ ಬರೆಯಲು ಒಂದು ಕಲ್ಲಿನ ಪಾಟಿ ಎಂದು ಅಪ್ಪನಿಗೆ ಹೇಳಿದೆ. ಆ ವಾರವೇ ಸಂತೆಯಿಂದ ಪಾಟಿ ಬಂತು. ನನಗಿನ್ನೂ ಆ ಫಲದಲ್ಲಿ ನಂಬಿಕೆಯಿದೆ.

ನಂತರ ಐವತ್ತರ ದಶಕದಲ್ಲಿ ಮೂಡಲಗಿಯ ಹೊಸ ಹೈಸ್ಕೂಲಿಗೆ ಕನ್ನಡ ಕಲಿಸಲು ಬಂದೆ. ಪರೀಕ್ಷೆಯ ಪುಸ್ತಕ ಮೇಲಿನವರು ಗೊತ್ತು ಮಾಡುತ್ತಿದ್ದರು. ಜೊತೆಗೆ ಓದಿಸುವ ಒಂದು ಪುಸ್ತಕ ಮಾತ್ರ ನಮ್ಮ ಪಾಲಿನದು. ಆ ಒಂದಕ್ಕೆ ಹೆಡ್ ಮಾಸ್ತರಿಗೂ ನನಗೂ ಒಂದು ವಾರ ಜಗ್ಗಾಟ. ಅವರಿಗೆ ಹಳೆಯದೇ ಬೇಕು. ಅವರ ಕಂಠ ಚೆನ್ನಾಗಿತ್ತು. ಹಳೆಯ ಪದ್ಯ ಓದಿದರೆ ಹೊರಗೆ ಕುದುರೆಗಾಡಿಯವನೂ ಗಾಡಿ ನಿಲ್ಲಿಸುತ್ತಿದ್ದ. ಅವರ ವಾದವೂ ಹಗುರವಾದದ್ದಲ್ಲ. "ಹಳೇದು ಓದಿದವರು ಹೊಸಾದನ್ನ ತಾವ ಓದತಾರ. ಹೊಸಾದರಾಗ ಬೆಳದವರು ಹಳೇದರ ಕಡೆ ಹೊಳ್ಳಿ ನೋಡಂಗಿಲ್ಲ" ಅನ್ನುತ್ತಿದ್ದರು. ನಾನು ಗೋಕಾಕದ ಅಂಗಡಿಯಿಂದ ಒಂದು ಹೊಸ ಕಾದಂಬರಿ ತಂದಿದ್ದೆ. ಹಳ್ಳಿಯ ಹುಡುಗಿಯೊಬ್ಬಳು ಮದುವೆ ಬೇಡವೆಂದು ದಾದಿಯ ತರಬೇತಿಗೆ ಹೋಗುವ ಕಥೆ. ಅದು ದೊಡ್ಡ ಸಾಹಿತ್ಯವೇನೂ ಅಲ್ಲ. ಆದರೆ ಅದರಲ್ಲಿ ರೊಟ್ಟಿ ಬಡಿಯುವ ಸಪ್ಪಳವಿತ್ತು, ನಮ್ಮ ಹುಡುಗಿಯರು ಆ ಸಪ್ಪಳ ಕೇಳುತ್ತಲೇ ಏಳುವವರು. ನಾನು ಹಟ ಬಿಡಲಿಲ್ಲ. ಕೊನೆಗೆ ಹೆಡ್ ಮಾಸ್ತರರು, ಜವಾಬ್ದಾರಿ ನಿಮ್ಮದೇ ಎಂದು ಕೈ ಝಾಡಿಸಿಕೊಂಡರು.

ಪುಸ್ತಕ ಹಂಚಿದ ದಿನವೇ ಒಂದು ನಿಯಮ ಹಾಕಿದೆ. ದೀಪ ಹಚ್ಚಿದ ಮೇಲೆ ಮನೆಯಲ್ಲಿ ಪ್ರತಿಯೊಬ್ಬರೂ ಅಂದಿನ ಪಾಠ ದನಿಯೆತ್ತಿ ಓದಬೇಕು. ಉಚ್ಚಾರ ಸುಧಾರಿಸಲಿ ಎಂಬುದಷ್ಟೇ ಉದ್ದೇಶ. ದನಿಯೆತ್ತಿ ಓದಿದರೆ ಮನೆಯವರಿಗೂ ಕೇಳಿಸುತ್ತದೆ ಎಂಬ ಸಣ್ಣ ಸಂಗತಿ ನನ್ನ ವೇಳಾಪಟ್ಟಿಯಲ್ಲಿ ಇರಲಿಲ್ಲ.

ದೀಪಾವಳಿ ಕಳೆದಿತ್ತು. ಒಂದು ಮುಂಜಾನೆ ನಾಗನೂರಿನ ಸಿದ್ದಪ್ಪ ಶಾಲೆಯ ಬಾಗಿಲಲ್ಲಿ ನಿಂತಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ನಮ್ಮ ಕಾದಂಬರಿ. ಕುರಿ ಸಾಕುವ, ಹೊಲ ಮಾಡುವ ಗಟ್ಟಿ ಮನೆತನ. ಅವನ ಮಗಳು ರತ್ನವ್ವ ನನ್ನ ವರ್ಗದಲ್ಲಿದ್ದಳು, ನಾಗನೂರಿನಿಂದ ಹೈಸ್ಕೂಲಿಗೆ ಬರುವವಳು ಅವಳೊಬ್ಬಳೇ. ಪುಸ್ತಕದ ರಟ್ಟಿನ ಮೇಲೆ ಅರಿಷಿಣ ಬಳಿದಿತ್ತು. ಮಕ್ಕಳಾರೋ ಚೆಲ್ಲಿರಬೇಕು ಎಂದುಕೊಂಡೆ.

"ನಿಮ್ಮ ಪುಸ್ತಕ ನೀವು ತಗೋರಿ ಅಕ್ಕೋರ" ಅಂದ. "ಹುಡುಗಿ ನಾಳಿಂದ ಸಾಲಿಗೆ ಬರಂಗಿಲ್ಲ. ಪುಸ್ತಕದಾಗಿನಾಕಿ ಲಗ್ನ ವಲ್ಲೆ ಅಂತ ಮನಿ ಬಿಟ್ಟು ಹೋದಳು. ನಾ ಘೋಡಗೇರಿಯವರಿಗೆ ಮಾತು ಕೊಟ್ಟೇನ್ರಿ."

ಸಿಟ್ಟಿಲ್ಲದೆ ಹೇಳಿದ, ಅದೇ ಕಷ್ಟ. ಸಿಟ್ಟಿನವರನ್ನು ಕೂರಿಸಿ ನೀರು ಕೊಟ್ಟರೆ ಇಳಿಯುತ್ತಾರೆ. ಘೋಡಗೇರಿಯವರು ಮಾಘದಲ್ಲಿ ಮದುವೆ ಬೇಕೆಂದಿದ್ದರು. ಮಾರ್ಚಿನಲ್ಲಿ ಹತ್ತನೆಯ ವರ್ಗದ ಪರೀಕ್ಷೆ, ಅದರ ಮುಂದಿನ ವರ್ಷ ಹನ್ನೊಂದನೆಯದರಲ್ಲಿ ಮ್ಯಾಟ್ರಿಕ್. ಅಷ್ಟು ಹತ್ತಿರ ಬಂದ ಹುಡುಗಿಯನ್ನು ನಾನು ಬಿಡುವವಳಲ್ಲ ಎಂದು ಅಲ್ಲೇ ನಿಂತಲ್ಲಿ ತೀರ್ಮಾನಿಸಿದೆ.

ರವಿವಾರ ನಾಗನೂರಿಗೆ ಹೋದೆ. ದಾರಿಯುದ್ದಕ್ಕೂ ಜೋಳ ಸೊಂಟದೆತ್ತರ ಬೆಳೆದಿತ್ತು, ನಾನು ಅದನ್ನು ನೋಡದೆ ಬಾಯಲ್ಲಿ ಕಾರಣಗಳನ್ನು ಜೋಡಿಸುತ್ತ ನಡೆದೆ. ಸಿದ್ದಪ್ಪ ಕಂಬಳಿ ಹಾಸಿದ, ಮಜ್ಜಿಗೆ ಕೊಟ್ಟ. ಒಳಬಾಗಿಲ ಹತ್ತಿರ ಅವನ ತಾಯಿ ಬಾಳವ್ವ ಕರಿ ಉಣ್ಣೆ ನೂಲುತ್ತ ಕೂತಿದ್ದಳು. ರತ್ನವ್ವ ಬಾಗಿಲ ಹಿಂದೆ, ಬಳೆಯ ಸಪ್ಪಳದಿಂದ ಗೊತ್ತಾಗುತ್ತಿತ್ತು. ನಾನು ಒಂದನೆಯದು, ಎರಡನೆಯದು ಎಂದು ಕ್ರಮವಾಗಿ ಹೇಳುತ್ತ ಹೋದೆ. ಪ್ರತಿಯೊಂದಕ್ಕೂ ಸಿದ್ದಪ್ಪ "ಖರೆ ಐತ್ರಿ" ಅಂದ. ಎಲ್ಲ ಮುಗಿದ ಮೇಲೂ "ಖರೆ ಐತ್ರಿ, ಆದ್ರ ಕಳಸಂಗಿಲ್ರಿ" ಅಂದ. ವಾದಿಸುವವರನ್ನು ಎದುರಿಸಲು ಕಾಲೇಜಿನಲ್ಲಿ ಕಲಿಸಿದ್ದರು. ಎಲ್ಲವನ್ನೂ ಒಪ್ಪುವವನನ್ನು ಏನು ಮಾಡಬೇಕೆಂದು ಕಲಿಸಿರಲಿಲ್ಲ.

ಸೋತೆ. ಜೊತೆಗೆ ತಂದಿದ್ದ ಪುಸ್ತಕವನ್ನು ಮರಳಿ ಚೀಲಕ್ಕೆ ಹಾಕಿ ಎದ್ದೆ. ಆಗ ಬಾಳವ್ವನ ಕದಿರು ನಿಂತಿತು.

"ಅಕ್ಕೋರ, ಪುರಾಣ ಎಲ್ಲಿ ಒಯ್ತೀರಿ?"

ಇದು ಪುರಾಣವಲ್ಲ, ಶಾಲೆಯ ಕಥೆಪುಸ್ತಕ ಎಂದೆ. ಆಕೆ ಒಳಗೆ ಕೈ ತೋರಿಸಿದಳು. ದೇವರ ಮಾಡದ ಕೆಳಗೆ ಹಾಸಿದ ಕಂಬಳಿ, ಅದರ ಮೇಲೆ ಈ ವ್ಯಾಸಪೀಠ. ಆಗ ತಿಳಿಯಿತು. ನಾನು ಉಚ್ಚಾರಕ್ಕೆಂದು ಹಾಕಿದ ನಿಯಮವನ್ನು ಬಾಳವ್ವ ತನ್ನ ಪದ್ಧತಿಯಂತೆ ನಡೆಸಿದ್ದಳು. ಮನೆಯಲ್ಲಿ ದೀಪದ ಮುಂದೆ ದನಿಯೆತ್ತಿ ಓದುವುದೆಂದರೆ ಅವಳಿಗೆ ಒಂದೇ ಅರ್ಥ. ಪುಸ್ತಕಕ್ಕೆ ಭಂಡಾರ, ಅಂದರೆ ದೇವರ ಅರಿಷಿಣ, ಹಚ್ಚಿ, ಕಾಯಿ ಒಡೆದು, ಅಕ್ಕಪಕ್ಕದವರನ್ನು ಕರೆದು ಮೊಮ್ಮಗಳಿಂದ ಪುರಾಣ ಹಚ್ಚಿಸಿದ್ದಳು. ದಾದಿಯ ಕಾದಂಬರಿಗೆ ಕುರುಬರ ಮನೆಯ ಭಂಡಾರ!

"ಯವ್ವಾ, ಅದು ಸಾಲಿ ಪುಸ್ತಕ" ಅಂದ ಸಿದ್ದಪ್ಪ.

"ಯಾವುದರ ಇರಲಿ. ಕಾಯಿ ಒಡದೇನಿ. ನಿಮ್ಮಪ್ಪ ಇದ್ದಾಗ ಹೊರಗಿನವರನ್ನ ಕರದು, ಉಣ್ಣಾಕ ಇಕ್ಕಿ, ಕೈ ಮುಗದು ಓದಸತಿದ್ದ. ಈಗ ಮನ್ಯಾಗ ಓದಾಕಿ ಹುಟ್ಟ್ಯಾಳ. ಹಚ್ಚಿದ್ದು ಅರ್ಧಕ್ಕ ಬಿಟ್ಟ ಮನ್ಯಾಗ ಅಕ್ಕಿಕಾಳು ಬೀಳಂಗಿಲ್ಲ."

ಅಕ್ಕಿಕಾಳು ಅಂದರೆ ಮದುವೆ. ಸಿದ್ದಪ್ಪ ಕಂಬಳಿಯ ಅಂಚು ಹಿಂಡಿದ. ನಂತರ ದಾರಿ ಹುಡುಕಿದ. ಹಾಗಿದ್ದರೆ ಇವತ್ತೇ ಕೂತು ಓದಲಿ, ನಾಲ್ಕು ದಿನದಲ್ಲಿ ಮುಗಿದುಹೋಗುತ್ತದೆ.

ನನ್ನ ಬಾಯಿಂದ ಮಾತು ತಾನಾಗಿ ಬಂತು. "ಹಂಗ ಬರಂಗಿಲ್ಲ ಸಿದ್ದಪ್ಪ. ಸಾಲ್ಯಾಗ ಅರ್ಥ ಹೇಳಿದಷ್ಟ ಮನ್ಯಾಗ ಓದೂದು."

ಬಾಳವ್ವ ತಲೆ ಆಡಿಸಿದಳು. "ಅರ್ಥಿಲ್ಲದ ಓದಿದ್ರ ಪುರಾಣ ಹೆಂಗ ಆಕ್ಕೈತಿ?" ಎಂದು ಕದಿರು ತಿರುಗಿಸಿದಳು. ಮಾತು ಮುಗಿಯಿತು. ಸೋಮವಾರ ರತ್ನವ್ವ ವರ್ಗದಲ್ಲಿ ತನ್ನ ಜಾಗದಲ್ಲಿ ಕೂತಿದ್ದಳು.

ಇನ್ನು ಮುಂದಿನದು ನನ್ನ ಪರೀಕ್ಷೆ. ಜನ್ಮದಲ್ಲಿ ಒಂದು ಪಾಠವನ್ನೂ ಹಿಂದೆ ಬೀಳಿಸದವಳು ಮಾಘ ದಾಟುವ ತನಕ ಒಂದು ತೆಳ್ಳನೆಯ ಪುಸ್ತಕವನ್ನು ಎಳೆಯಬೇಕಿತ್ತು. ಎಳೆದೆ. ಆಸ್ಪತ್ರೆಯ ನಕ್ಷೆ ಬರೆಸಿದೆ. ದಾದಿ ಮನೆಗೆ ಬರೆದ ಪತ್ರಕ್ಕೆ ಪ್ರತಿಯೊಬ್ಬರಿಂದಲೂ ಉತ್ತರ ಬರೆಸಿದೆ, ಒಬ್ಬ ಹುಡುಗ ಅವಳಿಗೆ ಎಮ್ಮೆ ಈದ ಸುದ್ದಿ ಬರೆದಿದ್ದ. ಅತ್ತೆ ಜಗಳವಾಡುವ ಪುಟವನ್ನು ನಾಟಕ ಮಾಡಿಸಿದೆ, ಜಗಳ ಬೇಗ ಮುಗಿಯಲಿಲ್ಲ. ರಾತ್ರಿ ಮಲಗಿದಾಗ ಪಾಠ ಹಿಂದೆ ಬಿದ್ದದ್ದು ಹಲ್ಲಿನಲ್ಲಿ ಸಿಕ್ಕ ಜೋಳದ ಸಿಪ್ಪೆಯಂತೆ ಕಾಡುತ್ತಿತ್ತು. ಆದರೂ ಮುಂದಕ್ಕೆ ಹೋಗಲಿಲ್ಲ.

ಹೆಡ್ ಮಾಸ್ತರರು ಒಂದು ದಿನ ಕಿಟಕಿಯಲ್ಲಿ ನಿಂತು, "ಅಕ್ಕೋರ, ನಿಮ್ಮ ಗಾಡಿ ಯಾಕೋ ನಿಂತೈತಲ್ಲ?" ಅಂದರು.

"ಎತ್ತು ಮೇಯಾಕತ್ತಾವ್ರಿ ಸರ್" ಅಂದೆ. ಅವರು ನಕ್ಕು ಹೋದರು. ನಾಗನೂರಿನ ಸುದ್ದಿ ಅವರಿಗೆ ಮುಟ್ಟಿತ್ತೆಂದು ನನಗೆ ಆಗಲೇ ಸಂಶಯ.

ಕಥೆ ಸಾಗಿತು. ಕಾದಂಬರಿ ಅಂದ ಮೇಲೆ ಮಗಳನ್ನು ಬಿಟ್ಟ ಅಪ್ಪ ಕಾಯಿಲೆ ಬಿದ್ದು ಅದೇ ಆಸ್ಪತ್ರೆಗೇ ಬರಬೇಕಲ್ಲ, ಬಂದ. ಬಿಳಿ ಬಟ್ಟೆಯ ದಾದಿ ಅವನಿಗೆ ಔಷಧ ಕುಡಿಸುವಲ್ಲಿ ಆ ವಾರದ ಪಾಠ ನಿಲ್ಲಿಸಿದೆ. ಮರುದಿನ ಮೂಡಲಗಿಯ ಸಂತೆ. ಮಧ್ಯಾಹ್ನದ ಬಿಡುವಿನಲ್ಲಿ ಸಿದ್ದಪ್ಪ ಶಾಲೆಯ ಅಂಗಳದಲ್ಲಿದ್ದ. ಸಂತೆಗೆ ಬಂದಿದ್ದೆ, ಹಾಗೇ ಈ ಕಡೆ ಬಂದೆ ಎಂದ. ಕುರಿಯ ರೇಟು, ಮಳೆ, ಹೆಡ್ ಮಾಸ್ತರರ ಆರೋಗ್ಯ ಎಲ್ಲ ವಿಚಾರಿಸಿದ. ಹೊರಟವನು ತಿರುಗಿ ನಿಂತ.

"ಅಕ್ಕೋರ, ಅಂವಾ ಮಗಳ ಗುರುತ ಹಿಡದ್ನೇನ್ರಿ?"

"ಅದು ಮುಂದಿನ ವಾರದ ಪಾಠ ಸಿದ್ದಪ್ಪ."

"ನಾ ಯಾರಿಗೂ ಹೇಳಂಗಿಲ್ರಿ."

ಹೇಳಲಿಲ್ಲ. ಯಾಕೆಂದರೆ ನಾನೇ ಅವನಿಗೆ ಹೇಳಲಿಲ್ಲ. ರತ್ನವ್ವನ ಮಾತಿನಂತೆ, ಓದುವಾಗ ಅಪ್ಪ ಕಂಬಳಿಯ ಮೇಲೆ ಕೂರುವುದಿಲ್ಲ. ಬಾಗಿಲಲ್ಲಿ ಹಗ್ಗ ಹೊಸೆಯುತ್ತ, ಕೇಳದವರಂತೆ ಇರುತ್ತಾರೆ. ಆದರೆ ಅವಳು ಅರ್ಥ ಹೇಳುವಾಗ ಒಂದು ಸಂಗತಿ ಬಿಟ್ಟರೂ, "ನಿನ್ನೆ ಹಂಗ ಹೇಳಲಿಲ್ಲಲ್ಲ" ಎಂದು ಅಲ್ಲಿಂದಲೇ ತಿದ್ದುತ್ತಾರೆ. ಆ ಮಾಘದಲ್ಲಿ ಅವರ ಮನೆಯಲ್ಲಿ ಹಗ್ಗ ಬಹಳ ಆಯಿತಂತೆ.

ಶಿವರಾತ್ರಿ ಮುಗಿದ ಮೇಲೆ ಮಂಗಲ ಗೊತ್ತಾಯಿತು. ನಾನೂ ಹೆಡ್ ಮಾಸ್ತರರೂ ಹೋದೆವು. ಪಡಸಾಲೆ ತುಂಬ ಜನ, ಹಿತ್ತಲಲ್ಲಿ ಕುರಿಗಳು. ರತ್ನವ್ವ ಕೊನೆಯ ಪುಟ ಓದಿದಳು. ಅಪ್ಪ ಗುಣವಾಗಿ, ಮಗಳ ತಲೆಯ ಮೇಲೆ ಕೈಯಿಟ್ಟು ಊರಿಗೆ ಹೋಗುತ್ತಾನೆ. ಮಗಳು ಬಾಗಿಲಲ್ಲಿ ನಿಂತು ನೋಡುತ್ತಾಳೆ. ಒಳಗಿನಿಂದ ರೋಗಿಯೊಬ್ಬರು ಕರೆಯುತ್ತಾರೆ. ಅಲ್ಲಿಗೆ ಪುಸ್ತಕ ನಿಲ್ಲುತ್ತದೆ.

"ಮುಂದ?" ಅಂದಳು ಬಾಳವ್ವ.

"ಮುಗೀತು ಆಯಿ."

"ಕೇಳಿದವರಿಗೆ ಫಲಾ?"

ರತ್ನವ್ವ ಪುಟ ತಿರುಗಿಸಿದಳು. ಮುದ್ರಣಾಲಯದ ವಿಳಾಸವಿತ್ತು. ನನ್ನ ಕಡೆ ನೋಡಿದಳು. ನಾನು ಹೆಡ್ ಮಾಸ್ತರರ ಕಡೆ ನೋಡಿದೆ. ಹೊಸ ಪುಸ್ತಕಗಳಿಗೆ ಕೊನೆಯೇ ಇರುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದರು, ಆ ಮಾತು ಈಗ ಅವರ ಮುಖದ ಮೇಲಿತ್ತು. ಜನ ಪಿಸುಗುಟ್ಟಿದರು. ಇಷ್ಟು ದಿನ ಕೂತು ಕೇಳಿದ್ದಕ್ಕೆ ಏನೂ ಇಲ್ಲವೇ?

ಬಾಳವ್ವ ಗಾಬರಿಯಾಗಲಿಲ್ಲ. ಬಾಗಿಲ ಕಡೆ ತಿರುಗಿದಳು. "ಸಿದ್ದಾ, ಹಗ್ಗ ಕೆಳಗ ಇಡು. ಪುಸ್ತಕದಾಗ ಫಲಾ ಬರದಿಲ್ಲ. ಬರದಿಲ್ಲಂದ್ರ ಕೇಳಿದವರ ಹೇಳಬೇಕು. ಎಲ್ಲಾರಕಿಂತ ಕಿವಿಗೊಟ್ಟು ಕೇಳಿದಾಂವ ನೀನ. ಹೇಳು."

ಅವನು ಹಗ್ಗ ಇಟ್ಟ. ಎದ್ದು ಕಂಬಳಿಯ ಹತ್ತಿರ ಬಂದ. ಮಗಳ ಮುಖ ನೋಡಲಿಲ್ಲ, ವ್ಯಾಸಪೀಠವನ್ನೇ ನೋಡುತ್ತಿದ್ದ.

"ಮ್ಯಾಟ್ರಿಕ್ ಮಾಡ್ಲಿ" ಅಂದ. "ಘೋಡಗೇರಿಯವರಿಗೆ ನಾ ಹೇಳತೇನಿ. ಕಾದ್ರ ಕಾಯಲಿ."

ಹೆಡ್ ಮಾಸ್ತರರು ಗಂಟಲು ಸರಿಮಾಡಿಕೊಂಡರು. ಯಾರೂ ಕೇಳಿರಲಿಲ್ಲ. ಆದರೂ ಹಳೆಯ ಪುರಾಣದ ರಾಗದಲ್ಲೇ, ಇದನ್ನು ಓದಿದವರಿಗೂ ಕೇಳಿದವರಿಗೂ ವಿದ್ಯೆ ಕೂಡಿ ಬರಲಿ, ಮ್ಯಾಟ್ರಿಕ್ ನಿರ್ವಿಘ್ನವಾಗಲಿ ಎಂದು ಎಳೆದು ಹಾಡಿ ಮಂಗಲ ಹೇಳಿದರು. ಆ ರಾಗದಲ್ಲಿ ಮ್ಯಾಟ್ರಿಕ್ ಎಂಬ ಶಬ್ದ ಅಷ್ಟು ಸೊಗಸಾಗಿ ಕೂರುತ್ತದೆಂದು ನನಗೆ ಗೊತ್ತಿರಲಿಲ್ಲ. ಬೆಲ್ಲ ಕೊಬ್ಬರಿ ಹಂಚಿದರು.

ಘೋಡಗೇರಿಯವರು ಕಾದರು. ರತ್ನವ್ವ ಮ್ಯಾಟ್ರಿಕ್ ಪಾಸಾದ ಮೇಲೆ ಮದುವೆಯಾಯಿತು. ದಾದಿಯಾಗಲಿಲ್ಲ, ರಕ್ತ ಕಂಡರೆ ಅವಳಿಗೆ ತಲೆ ತಿರುಗುತ್ತಿತ್ತು. ಈಗ ಹಿಡಕಲ್ಲಿನಲ್ಲಿ ಆಣೆಕಟ್ಟು ಕಟ್ಟುವವರ ಮಕ್ಕಳಿಗೆ ಪಾಠ ಹೇಳುತ್ತಾಳೆ. ಮದುವೆಯ ಮರುವಾರ ಬಾಳವ್ವ ವ್ಯಾಸಪೀಠವನ್ನು ತಲೆಯ ಮೇಲಿಟ್ಟುಕೊಂಡು ನಮ್ಮ ಮನೆಗೆ ಬಂದಿದ್ದಳು. ಓದಾಕಿ ಹೋದಳು, ಇದು ಓದಸಾಕಿ ಮನ್ಯಾಗ ಇರಲಿ ಎಂದು ಇಳಿಸಿಟ್ಟಳು. ಕಾಲಿಗೆ ಉಣ್ಣೆಯ ಎಳೆ ಕಟ್ಟಿದವಳೂ ಅವಳೇ, ಓದಿದಲ್ಲಿಗೆ ಗುರುತು ಇಡಲು.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ಶಾಂತಾ ಊಟಕ್ಕೆ ಕರೆದಳು. ಮಧ್ಯಾಹ್ನ ಕೂತು ಎರಡೂ ಪುಸ್ತಕಗಳ ಮೇಲೆ ಕಣ್ಣಾಡಿಸಿದೆ. ನಾಲ್ಕಕ್ಕೆ ಸುಮಿತ್ರಾ ಬಂದಳು. ಹೊಸದನ್ನು ಅವಳ ಕೈಗಿಟ್ಟೆ.

"ಹಳೇದು ಛಲೋ ಇಲ್ಲೇನ್ರಿ ಅಕ್ಕೋರ?"

"ಭಾಳ ಛಲೋ ಐತಿ. ಅದಕ್ಕ ಅದನ್ನ ನಾ ಇಟಗೋತೇನಿ."

ಅವಳಿಗೆ ಕಾರಣ ಬೇಕಿತ್ತು. ಹೇಳಿದೆ. ಹಳೆಯದನ್ನು ಓದಿಸಿದರೆ ಅರ್ಥ ಹೇಳುವವರು ನಾವು. ಹೊಸದನ್ನು ಓದಿಸಿದರೆ ಮಕ್ಕಳೇ ಮನೆಗೆ ಹೋಗಿ ಅರ್ಥ ಹೇಳುತ್ತಾರೆ. ಆ ವಯಸ್ಸಿನಲ್ಲಿ ಒಂದು ಪುಸ್ತಕಕ್ಕಾದರೂ ಅರ್ಥ ಹೇಳುವವರು ಅವರೇ ಆಗಬೇಕು. ಹೀಗೆ ಒಂದು ಪುಸ್ತಕವನ್ನು ಕೊನೆಮುಟ್ಟಿಸಿದ ಹುಡುಗಿ ಹಳೆಯದರ ಕಡೆಗೂ ತಿರುಗಿ ನೋಡುತ್ತಾಳೆ. ಹೆಡ್ ಮಾಸ್ತರರು ಇದ್ದಿದ್ದರೆ ಒಪ್ಪುತ್ತಿರಲಿಲ್ಲ. ಒಪ್ಪದೆಯೂ ಬಂದು ರಾಗವಾಗಿ ಮಂಗಲ ಹೇಳುತ್ತಿದ್ದರು.

ಪಾಲಕರು ಬಾಗಿಲಿಗೆ ಬಂದರೆ ಏನು ಮಾಡಲಿ ಅಂದಳು. ಒಳಗೆ ಕರೆದು ಕೂರಿಸು, ಪಾಠ ಎಲ್ಲಿಗೆ ಬಂದಿದೆಯೋ ಅಲ್ಲಿಂದ ಓದು, ಬಹಳ ರುಚಿ ಬಂದಲ್ಲಿ ನಿಲ್ಲಿಸು ಎಂದೆ. ವ್ಯಾಸಪೀಠವನ್ನು ಅವಳ ಚೀಲಕ್ಕೆ ಹಾಕಿದೆ. ಅರಿಷಿಣ ಒರೆಸಬೇಡ ಎಂದು ತಾಕೀತು ಮಾಡಿದೆ. ಉಣ್ಣೆಯ ಎಳೆಯನ್ನು ಮಾತ್ರ ಬಿಚ್ಚಿ ಇಟ್ಟುಕೊಂಡೆ. ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ಇದು ವಿಶೇಷ, ಬರೆದಿಡಬೇಕಾದದ್ದು.

ಮನೆಗೆ ಬಂದು ದೀಪ ಹಚ್ಚಿದೆ. ಶಾಂತಾಳ ಕಣ್ಣಿಗೆ ಪೊರೆ ಬಂದು ವರ್ಷವಾಯಿತು. ಅಕ್ಷರ ಕಾಣುವುದಿಲ್ಲವೆಂದು ಅವಳು ಯಾರಿಗೂ ಹೇಳುವುದಿಲ್ಲ, ಪತ್ರಿಕೆಯನ್ನು ಸುಮ್ಮನೆ ಮಡಿಲಲ್ಲಿ ಇಟ್ಟುಕೊಂಡಿರುತ್ತಾಳೆ. ದಪ್ಪ ಪುಸ್ತಕವನ್ನು ತಲೆದಿಂಬಿನ ಮೇಲೆ ಬಿಚ್ಚಿಟ್ಟು, ದನಿಯೆತ್ತಿ ಓದಲು ತೊಡಗಿದೆ. ಕಾಡಿನ ವರ್ಣನೆ ಬಂದಾಗ ಅವಳು ತಡೆದಳು.

"ಅಕ್ಕಾ, ಹುಕ್ಕೇರಿ ಅಜ್ಜನ ಎತ್ತು ಇಲ್ಲೇ ಅಲ್ಲೇನ ತಪ್ಪಿಸಿಕೊಂಡಿದ್ದು?"

ಎತ್ತು ಸಿಗುವ ತನಕ ಇಬ್ಬರೂ ನಕ್ಕೆವು. ನಂತರ ಅವಳು ಪುಸ್ತಕದ ದಪ್ಪವನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ನಮ್ಮ ವಯಸ್ಸಿಗೆ ಇದು ಮುಗಿದೀತ?" ಅಂದಳು.

"ಹಚ್ಚೇವಿ. ಮುಗಿಯೂತನಕ ಇಬ್ಬರೂ ಎಲ್ಲಿಗೂ ಹೋಗಂಗಿಲ್ಲ" ಅಂದೆ.

ಮೊದಲ ಅಧ್ಯಾಯ ಮುಗಿಸಿದೆ. ಕರಿ ಉಣ್ಣೆಯ ಎಳೆಯನ್ನು ಪುಟದ ನಡುವೆ ಇಟ್ಟು ಪುಸ್ತಕ ಮುಚ್ಚಿದೆ. ಇಂದಿನ ಕೆಲಸ ಮುಗಿಯಿತು.